‘ಪರಿಹಾರ’ ಎಂಬ ಒಂದೇ ಪದ ಸಾಕೇ?

ಎಲ್ಲರಿಗೂ ನಮಸ್ಕಾರ.

ಹವಾಮಾನ ನ್ಯಾಯ, ಅಂದರೆ ಹವಾಮಾನ ಬದಲಾವಣೆಯ ಹೊಣೆ ಯಾರದು, ಅದರ ನಷ್ಟ ಯಾರು ಭರಿಸಬೇಕು ಎಂಬುದನ್ನು ಕುರಿತ ಒಂದು ಬರಹವನ್ನು ಕನ್ನಡಕ್ಕೆ ತರುತ್ತಿದ್ದೇನೆ. ‘ಪಳೆಯುಳಿಕೆ ಇಂಧನ’ ರೂಢಿಗೆ ಬಂದಾಗಿದೆ, ಅದರ ಬಗ್ಗೆ ತಕರಾರಿಲ್ಲ. ನಾನು ಸಿಕ್ಕಿಕೊಂಡಿರುವುದು ‘ಕಾಂಪೆನ್ಸೇಷನ್’ ಎಂಬುದಕ್ಕೆ ನಾವು ಬಳಸುವ ‘ಪರಿಹಾರ’ದಲ್ಲಿ.

ಈ ಪದ ಹೊರುವ ಹೊರೆ ನೋಡಿ. ಸಮಸ್ಯೆಗೂ ಪರಿಹಾರ, ನೆರೆಗೂ ಪರಿಹಾರ, ಅಪಘಾತದಲ್ಲಿ ಸತ್ತವರ ಮನೆಯವರಿಗೂ ಪರಿಹಾರ, ಪಾಪಕ್ಕೂ ಪರಿಹಾರ. ‘ಕೊಂದ ಪಾಪ ತಿಂದು ಪರಿಹಾರ’ ಎನ್ನುವಾಗಲಂತೂ ಸತ್ತ ಜೀವಕ್ಕೆ ದಕ್ಕುವುದು ಏನೂ ಇಲ್ಲ. ಹಗುರಾಗುವುದು ಕೊಂದವನ ಮನಸ್ಸು.

ಹವಾಮಾನದ ಮಾತುಕತೆಯಲ್ಲಿ ಜಗಳವೇ ಈ ಅರ್ಥಗಳ ನಡುವೆ. ಸಮುದ್ರ ಏರಿ ಮುಳುಗುವ ನೆಲದ ನಷ್ಟವನ್ನು ಕೈಗಾರಿಕಾ ದೇಶಗಳು ಭರಿಸಬೇಕೆಂದು ಸಣ್ಣ ದ್ವೀಪರಾಷ್ಟ್ರಗಳ ಪರವಾಗಿ ವನುವಾಟು 1991ರಲ್ಲೇ ಕೇಳಿತ್ತು. 2015ರ ಪ್ಯಾರಿಸ್ ಹವಾಮಾನ ಒಪ್ಪಂದದ 8ನೇ ವಿಧಿ ‘ಲಾಸ್ ಅಂಡ್ ಡ್ಯಾಮೇಜ್’, ಅಂದರೆ ಹವಾಮಾನ ಬದಲಾವಣೆಯಿಂದಾಗುವ ನಷ್ಟ, ಹಾನಿ ಕುರಿತದ್ದು. ಆದರೆ ಆ ವಿಧಿ ಹೊಣೆಗಾರಿಕೆಗಾಗಲೀ ಕಾಂಪೆನ್ಸೇಷನ್‌ಗಾಗಲೀ ಆಧಾರವಲ್ಲ ಎಂದು ಜೊತೆಯ ನಿರ್ಣಯದಲ್ಲಿ ಬರೆಸಿಕೊಳ್ಳಲಾಯಿತು. 2022ರಲ್ಲಿ ಈಜಿಪ್ಟಿನ ಶರ್ಮ್ ಎಲ್ ಶೇಖ್‌ನ ಹವಾಮಾನ ಸಮಾವೇಶದಲ್ಲಿ ಒಪ್ಪಿಗೆಯಾದ ನಿಧಿಯೂ ಲಾಸ್ ಅಂಡ್ ಡ್ಯಾಮೇಜ್‌ಗೆ ‘ಸ್ಪಂದಿಸುವ’ ನಿಧಿ ಮಾತ್ರ. ಅದನ್ನು ‘ನಷ್ಟ ಪರಿಹಾರ ನಿಧಿ’ ಎಂದು ನಾನು ಮೊದಲ ಕರಡಿನಲ್ಲಿ ಬರೆದಿದ್ದೆ, ಆಮೇಲೆ ಹೊಡೆದುಹಾಕಿದೆ. ಸಿಗದ ನ್ಯಾಯ ಸಿಕ್ಕಿತೆಂದು ಓದುಗರಿಗೆ ಹೇಳಿದಂತಾಗುತ್ತಿತ್ತು.

ಪಕ್ಕದವನ ದನ ನುಗ್ಗಿ ಪೈರು ಮೇದರೆ ‘ನಷ್ಟ ಕಟ್ಟಿಕೊಡು’ ಎನ್ನುತ್ತೇವೆ. ಮಳೆಗೆ ಪೈರು ಕೊಚ್ಚಿಹೋದರೆ ‘ಪರಿಹಾರ ಕೊಡಿ’ ಎಂದು ಅರ್ಜಿ ಹಾಕುತ್ತೇವೆ. ಮೊದಲನೆಯದರಲ್ಲಿ ಹೊಣೆಗಾರ ಎದುರಿಗಿದ್ದಾನೆ, ಎರಡನೆಯದರಲ್ಲಿ ಯಾರೂ ಇಲ್ಲ. ಈಗ ಮಳೆಗೂ ಹೊಣೆಗಾರರಿದ್ದಾರೆ ಎಂಬುದೇ ಹವಾಮಾನ ನ್ಯಾಯದ ವಾದ. ಹವಾಮಾನ ಸಂಶೋಧಕ ರಿಚರ್ಡ್ ಹೀಡಿ 2014ರಲ್ಲಿ ಪ್ರಕಟಿಸಿದ ಲೆಕ್ಕದಂತೆ, 1751ರಿಂದ 2010ರವರೆಗೆ ಕೈಗಾರಿಕೆಗಳಿಂದ ಹೊಮ್ಮಿದ ಇಂಗಾಲದ ಡೈಆಕ್ಸೈಡ್ ಮತ್ತು ಮೀಥೇನ್‌ನಲ್ಲಿ ಸುಮಾರು ಶೇ 63ರಷ್ಟು, ಬರೀ 90 ಕಲ್ಲಿದ್ದಲು, ತೈಲ, ಅನಿಲ, ಸಿಮೆಂಟ್ ಉತ್ಪಾದಕರ ಪಾಲು. ದನ ಯಾರದೆಂದು ಗೊತ್ತಾದ ಮೇಲೂ ಅರ್ಜಿಯ ಭಾಷೆಯಲ್ಲೇ ಬರೆಯುವುದಕ್ಕೆ ನನಗೆ ಮನಸ್ಸು ಒಪ್ಪುತ್ತಿಲ್ಲ.

‘ನಷ್ಟ ಕಟ್ಟಿಕೊಡು’ ಕ್ರಿಯಾಪದವಾಗಿ ಸೊಗಸಾಗಿದೆ, ನಾಮಪದ ಮಾಡಹೊರಟರೆ ‘ಕಟ್ಟಿಕೊಡುವಿಕೆ’ ಎಂದು ಜಗ್ಗುತ್ತದೆ. ‘ದಂಡ’ ಸರ್ಕಾರದ ಬೊಕ್ಕಸಕ್ಕೆ ಹೋಗುತ್ತದೆ, ನೊಂದವರಿಗಲ್ಲ. ‘ನಷ್ಟಭರ್ತಿ’ ಇದೆ, ಆದರೆ ಅದರಲ್ಲಿ ತುಂಬಿಕೊಡುವುದು ಇದೆಯೇ ಹೊರತು ಯಾರು ತುಂಬಬೇಕೆಂಬುದು ಇಲ್ಲ.

ಇನ್ನೊಂದು ತೊಡಕು. ಈ ಚರ್ಚೆಯಲ್ಲಿ ‘ಲಾಸ್’ ಎಂದರೆ ಸಾಮಾನ್ಯವಾಗಿ ಮರಳಿ ಬಾರದ್ದು, ‘ಡ್ಯಾಮೇಜ್’ ಎಂದರೆ ಸರಿಪಡಿಸಬಹುದಾದದ್ದು. ನಾವು ವ್ಯಾಪಾರದಲ್ಲಿ ಹೋದ ದುಡ್ಡಿಗೆ ‘ನಷ್ಟ’ ಎನ್ನುತ್ತೇವೆ, ಜೀವ ಹೋದರೆ ‘ಪ್ರಾಣಹಾನಿ’. ಹೀಗಿರುವಾಗ ‘ನಷ್ಟ ಮತ್ತು ಹಾನಿ’ ಎಂಬ ಅನುವಾದ ತಲೆಕೆಳಗಾಗಿದೆಯೇ?

2025ರ ಜುಲೈ 23ರಂದು ಅಂತರರಾಷ್ಟ್ರೀಯ ನ್ಯಾಯಾಲಯ ನೀಡಿದ ಸಲಹಾ ಅಭಿಪ್ರಾಯದಲ್ಲಿ, ಹವಾಮಾನದ ಬಾಧ್ಯತೆ ಮುರಿದ ದೇಶ, ಕಾರಣಸಂಬಂಧ ಸಾಬೀತಾದರೆ, ಹಾನಿಗೊಳಗಾದ ದೇಶಕ್ಕೆ ಕಾಂಪೆನ್ಸೇಷನ್ ಕೊಡಬೇಕಾಗಬಹುದು ಎಂಬ ಮಾತಿದೆ. ಆ ವಾಕ್ಯದಲ್ಲಿ ನೀವು ಯಾವ ಪದ ಬಳಸುತ್ತೀರಿ? ಹಳೆಯ ಕರಾರು, ಪಂಚಾಯಿತಿ ಪತ್ರಗಳನ್ನು ಓದಿ ಬಲ್ಲವರು ದಯವಿಟ್ಟು ತಿಳಿಸಿ.