ಒಸಾಕಾದಲ್ಲಿ ಸಸ್ಯಾಹಾರಿ ಅತ್ತೆಯವರ ಊಟದ ಬಗ್ಗೆ ಸಹಾಯ ಬೇಕು

ಎಲ್ಲರಿಗೂ ನಮಸ್ಕಾರ. ಬರುವ ಏಪ್ರಿಲ್ ರಜೆಯಲ್ಲಿ ಪತ್ನಿ ಹಾಗೂ ಅತ್ತೆಯವರೊಂದಿಗೆ ಜಪಾನಿನ ಒಸಾಕಾಕ್ಕೆ ಹೋಗುತ್ತಿದ್ದು, ನೋಡುವುದಕ್ಕಿಂತ ತಿನ್ನುವುದೇ ನಮ್ಮ ಮುಖ್ಯ ಉದ್ದೇಶವಾಗಿರುವುದರಿಂದ, ಅಲ್ಲಿ ನೆಲೆಸಿರುವ ಅಥವಾ ಹೋಗಿಬಂದಿರುವ ಸದಸ್ಯರ ಸಲಹೆಯನ್ನು ಕೋರುತ್ತಿದ್ದೇನೆ.

ನಾವಿಬ್ಬರೂ ಎಲ್ಲವನ್ನೂ ತಿನ್ನುತ್ತೇವೆ. ದೋತೊಂಬೊರಿಯ ತಕೊಯಾಕಿ (ಆಕ್ಟೋಪಸ್ ತುಂಬಿದ ಉಂಡೆ), ಶಿನ್‌ಸೆಕಾಯಿಯ ಕುಶಿಕತ್ಸು (ಕಡ್ಡಿಗೆ ಚುಚ್ಚಿ ಕರಿದ ತಿಂಡಿ), ಕುರೊಮೊನ್ ಮಾರುಕಟ್ಟೆಯ ಮೀನು ಈಗಾಗಲೇ ಪಟ್ಟಿಯಲ್ಲಿವೆ. (ಎಲ್ಲರಿಗೂ ಇಟ್ಟ ಸಾಸಿನಲ್ಲಿ ಕುಶಿಕತ್ಸು ಕಡ್ಡಿಯನ್ನು ಒಮ್ಮೆ ಮಾತ್ರ ಅದ್ದಬೇಕೆಂಬ ನಿಯಮವನ್ನು, ಎಂಜಲು ಬಲ್ಲ ನಮಗೆ ಯಾರೂ ಹೇಳಿಕೊಡಬೇಕಾಗಿಲ್ಲ.)

ತೊಡಕಿರುವುದು ಮೊಟ್ಟೆಯನ್ನೂ ಮುಟ್ಟದ ಅತ್ತೆಯವರ ವಿಷಯದಲ್ಲಿ. ಕಿತ್ಸುನೆ ಉದೊನ್ ಎಂಬ ಸಾರಿನ ನೂಡಲ್ಸ್ ಮೇಲೆ ಕರಿದ ತೋಫು ಮಾತ್ರ ಕಂಡರೂ, ಅದರ ಸಾರಿಗೆ ಸಾಮಾನ್ಯವಾಗಿ ಕೊಂಬು ಎಂಬ ಕಡಲಪಾಚಿಯೊಂದಿಗೆ ಒಣಮೀನಿನ ದಶಿ ಎಂಬ ತಿಳಿರಸವನ್ನೂ ಬಳಸುತ್ತಾರೆ. ಒಕೊನೊಮಿಯಾಕಿ ಎಂಬ ಎಲೆಕೋಸಿನ ದಪ್ಪ ದೋಸೆಯಲ್ಲಿ ಮಾಂಸ ಬೇಡವೆಂದರೂ ಹಿಟ್ಟಿನಲ್ಲಿ ಮೊಟ್ಟೆ ಉಳಿಯುತ್ತದೆ. ನಂಬಾ ಅಥವಾ ಉಮೆದಾ ಸುತ್ತಮುತ್ತ ಕೊಂಬು ಮತ್ತು ಶಿಯಿತಾಕೆ ಅಣಬೆಯಿಂದಷ್ಟೇ ದಶಿ ತಯಾರಿಸುವ ಅಂಗಡಿಯನ್ನು ನೀವು ಸ್ವತಃ ಕಂಡಿದ್ದೀರಾ?

ನಂಬಾದಿಂದ ನಂಕಾಯ್ ರೈಲು ಮತ್ತು ಕೇಬಲ್ ಕಾರಿನಲ್ಲಿ ಕೋಯಾಸಾನ್ ಬೆಟ್ಟಕ್ಕೆ ಹೋದರೆ, ಅಲ್ಲಿನ ಬೌದ್ಧ ಮಠಗಳಲ್ಲಿ ಈರುಳ್ಳಿ ಬೆಳ್ಳುಳ್ಳಿಯೂ ಇಲ್ಲದ ಶೋಜಿನ್ ರ್ಯೋರಿ ಎಂಬ ಸಸ್ಯಾಹಾರಿ ಊಟ ದೊರೆಯುತ್ತದೆ. ರಾತ್ರಿ ತಂಗದೆ ಮಧ್ಯಾಹ್ನದ ಊಟವನ್ನಷ್ಟೇ ಬಡಿಸುವ ಮಠ ಯಾವುದು, ಎಷ್ಟು ದಿನ ಮುಂಚಿತವಾಗಿ ತಿಳಿಸಬೇಕು ಎಂಬುದನ್ನು ದಯವಿಟ್ಟು ತಿಳಿಸಿ. ಭಾರತೀಯ ಹೋಟೆಲುಗಳ ಹೆಸರು ಬೇಡ; ಅಷ್ಟು ದೂರ ಹೋಗಿ ಪನೀರ್ ತಿನ್ನಲು ಅತ್ತೆಯವರೇ ಒಪ್ಪುತ್ತಿಲ್ಲ.