ಯಗಚಿ ತುಂಬಿದರೂ ನಮ್ಮ ನಲ್ಲಿಗೆ ನೀರೇಕಿಲ್ಲ?

ಪ್ರಶ್ನೆ: ಸರ್, ನಮ್ಮದು ಚಿಕ್ಕಮಗಳೂರಿನ ಅಂಚಿನಲ್ಲಿ, ಎತ್ತರದ ಜಾಗದಲ್ಲಿರುವ ಹೊಸ ಬಡಾವಣೆ. ಯಗಚಿ ಜಲಾಶಯ ತುಂಬಿದ ವರ್ಷವೂ ನಮಗೆ ಮೂರು ನಾಲ್ಕು ದಿನಕ್ಕೊಮ್ಮೆ ನೀರು ಬರುತ್ತದೆ. ಊರು ಬೆಳೆದಷ್ಟು ನೀರಿನ ಮೂಲ ಇಲ್ಲವೆಂದು ತಿಳಿಯಬೇಕೇ?

ಉತ್ತರ (ನೀರು ಸರಬರಾಜು ಇಂಜಿನಿಯರ್): ಮೂಲದ ಕೊರತೆ ಎನ್ನುವ ಮೊದಲು ಲೆಕ್ಕ ನೋಡೋಣ. 2011ರ ಜನಗಣತಿಯಲ್ಲಿ ನಗರದ ಜನಸಂಖ್ಯೆ ಸುಮಾರು 1.18 ಲಕ್ಷವಿತ್ತು; ಈಗ ಒಂದೂವರೆ ಲಕ್ಷವೆಂದೇ ಇಟ್ಟುಕೊಳ್ಳಿ. ಒಳಚರಂಡಿ ಇರುವ ಪಟ್ಟಣಕ್ಕೆ ತಲಾ ದಿನಕ್ಕೆ 135 ಲೀಟರ್ ಎಂಬುದು ಕೇಂದ್ರದ ಮಾನದಂಡ. ಹಾಗಾದರೆ ದಿನಕ್ಕೆ ಬೇಕಾಗುವುದು ಎರಡು ಕೋಟಿ ಲೀಟರ್, ಅಂದರೆ ವರ್ಷಕ್ಕೆ ಸುಮಾರು ಕಾಲು ಟಿಎಂಸಿ (ಒಂದು ಟಿಎಂಸಿ ಎಂದರೆ ನೂರು ಕೋಟಿ ಘನ ಅಡಿ). ಯಗಚಿಯ ಸಂಗ್ರಹ ಸಾಮರ್ಥ್ಯ ಮೂರೂವರೆ ಟಿಎಂಸಿಗೂ ತುಸು ಹೆಚ್ಚು. ನೀರಾವರಿಯ ಪಾಲನ್ನು ಬಿಟ್ಟುಕೊಟ್ಟರೂ, ಮಳೆ ಕೈಕೊಡದ ವರ್ಷದಲ್ಲಿ ಕುಡಿಯುವ ನೀರಿಗೆ ಅಣೆಕಟ್ಟನ್ನು ದೂರುವಂತಿಲ್ಲ.

ತೊಡಕಿರುವುದು ಅಣೆಕಟ್ಟಿನಿಂದ ಈಚೆಗೆ. ಅಣೆಕಟ್ಟು ಇರುವ ಬೇಲೂರು ನಮ್ಮ ಊರಿಗಿಂತ ತಗ್ಗಿನಲ್ಲಿರುವುದರಿಂದ ಅಲ್ಲಿಂದ ಬರುವ ಪ್ರತಿ ಲೀಟರ್ ನೀರನ್ನೂ ಪಂಪ್ ಮಾಡಿ ಮೇಲೆತ್ತಬೇಕು. ಕರೆಂಟ್ ಹೋದರೆ, ಮುಖ್ಯ ಕೊಳವೆ ಒಡೆದರೆ, ಸರದಿಯೇ ತಪ್ಪುತ್ತದೆ. ವಿತರಣೆಯಲ್ಲಿ ನೂರಕ್ಕೆ ಮೂವತ್ತು ಪಾಲು ಸೋರಿಹೋಗುವ ಊರಿನಲ್ಲಿ 135 ಲೀಟರ್ ಮನೆ ಮುಟ್ಟಿಸಲು 190ಕ್ಕೂ ಹೆಚ್ಚು ಲೀಟರ್ ಕಳುಹಿಸಬೇಕಾಗುತ್ತದೆ. ವಾಲ್ವ್ ತೆರೆದ ಮೇಲೆ ತಗ್ಗಿನ ಬೀದಿಗಳ ಸಂಪುಗಳು ಮೊದಲು ತುಂಬುತ್ತವೆ. ಒತ್ತಡ ಕುಸಿದ ಮೇಲೆ ಉಳಿದದ್ದು ನಿಮ್ಮಂಥ ಎತ್ತರದ ಬಡಾವಣೆಗೆ. ಖಾಸಗಿ ಬಡಾವಣೆಗಳು ಹೆಚ್ಚಾಗಿ ಒಂದು ಬೋರ್‌ವೆಲ್ ನಂಬಿಕೊಂಡೇ ತಲೆಯೆತ್ತುತ್ತವೆ, ಅದು ಬತ್ತಿದಾಗ ಮಾತ್ರ ನಗರಸಭೆಯ ನೆನಪಾಗುತ್ತದೆ ಎಂಬುದು ನನ್ನ ಅಸಮಾಧಾನ.

ಪ್ರಶ್ನೆ: ಹಾಗಾದರೆ ನಲ್ಲಿಯ ಲೈನಿಗೇ ಮೋಟಾರ್ ಕೂಡಿಸಿದರೆ ತಪ್ಪೇನು? ಪಕ್ಕದವರು ಹಾಕಿಕೊಂಡಿದ್ದಾರೆ.

ಉತ್ತರ: ದಯವಿಟ್ಟು ಬೇಡ. ಅದು ನಿಯಮಬಾಹಿರ. ಮೇಲಾಗಿ ನೀರಿಲ್ಲದ ಕೊಳವೆಯಿಂದ ಮೋಟಾರ್ ಎಳೆದಾಗ ಬಿರುಕಿನ ಮೂಲಕ ಚರಂಡಿಯ ನೀರೂ ಒಳಸೇರುತ್ತದೆ; ಸರದಿಯ ದಿನ ಮೊದಲ ಕೊಡ ಕೆಂಪಗೆ, ವಾಸನೆಯಿಂದ ಬರುವುದಕ್ಕೆ ಇದೂ ಒಂದು ಕಾರಣ.

ಹುಬ್ಬಳ್ಳಿ-ಧಾರವಾಡ, ಬೆಳಗಾವಿ, ಕಲಬುರಗಿಯ ಆಯ್ದ ವಾರ್ಡುಗಳಲ್ಲಿ ವಿಶ್ವಬ್ಯಾಂಕ್ ನೆರವಿನ ಯೋಜನೆಯಡಿ 2008ರ ಹೊತ್ತಿಗೆ ದಿನವಿಡೀ ನೀರು ಕೊಡಲು ಸಾಧ್ಯವಾದದ್ದು ಹಳೆಯ ಕೊಳವೆ ಬದಲಿಸಿ, ವಲಯಗಳನ್ನು ಬೇರ್ಪಡಿಸಿ, ಮನೆಮನೆಗೆ ಮೀಟರ್ ಕೂಡಿಸಿದ್ದರಿಂದ. ಆದ್ದರಿಂದ ನಿವಾಸಿಗಳ ಸಂಘದ ಹೆಸರಿನಲ್ಲಿ ನಗರಸಭೆಗೆ ಅರ್ಜಿ ಕೊಟ್ಟು, ನಿಮ್ಮ ವಲಯಕ್ಕೆ ಪ್ರತ್ಯೇಕ ಓವರ್‌ಹೆಡ್ ಟ್ಯಾಂಕ್ ಮತ್ತು ಅದನ್ನು ತುಂಬಿಸಲು ಬೇರೆ ಕೊಳವೆಯನ್ನು ಕೇಳಿ. ಟ್ಯಾಂಕಿನ ಹೊರದಾರಿಗೆ ಮೀಟರ್ ಇರಲೇಬೇಕೆಂಬುದನ್ನೂ ಅದೇ ಅರ್ಜಿಯಲ್ಲಿ ಬರೆಯಿರಿ.