ಪದಚರ್ಚೆ: ‘ಮತ್ಸೇವಾ’ ಎಂಬುದಕ್ಕೆ ಕನ್ನಡದಲ್ಲಿ ಏನೆನ್ನಬೇಕು?

ಪ್ರಶ್ನೆ:
ಮಾನ್ಯರೇ, ಪ್ರಾಚೀನ ಇಸ್ರಾಯೇಲ್ಯರ ಪೂಜಾಸ್ಥಳಗಳನ್ನು ಕುರಿತ ಲೇಖನವೊಂದನ್ನು ಅನುವಾದಿಸುತ್ತಿದ್ದೇನೆ. ನಾಳೆ ಸಂಜೆಯೊಳಗೆ ಅದು ಅಚ್ಚಿಗೆ ಹೋಗಬೇಕು. ಆ ಲೇಖನದಲ್ಲಿ, ಇಸ್ರೇಲಿನ ನೆಗೆವ್ ಪ್ರದೇಶದ ತೆಲ್ ಅರಾದ್ ಕೋಟೆಯ ಗುಡಿಯ ಒಳಗೂಡಿನಲ್ಲಿ, ಎಂದರೆ ಗರ್ಭಗುಡಿಯಂಥ ಗೂಡಿನಲ್ಲಿ, ನಿಲ್ಲಿಸಿದ್ದ ಕಲ್ಲೊಂದರ ಚಿತ್ರವಿದೆ. ಹೀಬ್ರೂವಿನಲ್ಲಿ ‘ಮತ್ಸೇವಾ’ ಎನ್ನುವ ಈ ಕಲ್ಲಿಗೆ ‘ವಿಗ್ರಹ’ ಎನ್ನಬಹುದೇ? ‘ಶಿಲಾಸ್ತಂಭ’ ಎಂದರೆ ಕಟ್ಟಡದ ಕಂಬವೆನಿಸುತ್ತದೆ.

ಉತ್ತರ 1:
‘ವಿಗ್ರಹ’ ಸಲ್ಲದು. ಅರಾದಿನ ಕಲ್ಲಿಗೆ ಕಣ್ಣಿಲ್ಲ, ಮುಖವಿಲ್ಲ. ಮೇಲ್ತುದಿಯನ್ನು ದುಂಡಗೆ ಮಾಡಿ ಮೈಯನ್ನು ನುಣುಪಾಗಿಸಿದ್ದಾರೆ, ಅಷ್ಟೆ. ರೂಪವನ್ನು ಕಡೆಯದೆಯೇ ದೈವಸಾನ್ನಿಧ್ಯವನ್ನು ಸೂಚಿಸುವ ಇಂಥ ಕಲ್ಲಿಗೆ, ರೂಪವನ್ನೇ ಮುಂದುಮಾಡುವ ಪದವನ್ನು ಹಚ್ಚಿದರೆ ಲೇಖನದ ವಾದವೇ ಕೆಡುತ್ತದೆ. ಯಾರಾದರೂ ‘ಲಿಂಗ’ ಎನ್ನುವ ಮೊದಲೇ ಹೇಳಿಬಿಡುತ್ತೇನೆ: ಅದು ಓದುಗರನ್ನು ನೇರವಾಗಿ ಶಿವಾಲಯಕ್ಕೆ ಒಯ್ಯುತ್ತದೆ.

ಮತ್ಸೇವಾದ ಧಾತುವಿಗೆ ನಿಲ್ಲಿಸುವುದು, ನೆಡುವುದು ಎಂಬ ಅರ್ಥವಿದೆ. ಹೊಸನಗರ ತಾಲ್ಲೂಕಿನಲ್ಲಿ ಬೃಹತ್ ಶಿಲಾ ಸಂಸ್ಕೃತಿಯ ನಿಲುವುಗಲ್ಲುಗಳಿರುವ ಊರಿನ ಹೆಸರೇ ನಿಲಸ್ಕಲ್. ಆದ್ದರಿಂದ ‘ನಿಲಸುಗಲ್ಲು’ ಎಂಬುದು ನನ್ನ ಸಲಹೆ. ಬೈಬಲಿನಲ್ಲಿ, ಬೇತೇಲೆಂಬ ಊರಿನಲ್ಲಿ ಇಸ್ರಾಯೇಲ್ಯರ ಮೂಲಪುರುಷ ಯಾಕೋಬನು ತಾನು ತಲೆಯಿಟ್ಟು ಮಲಗಿದ್ದ ಕಲ್ಲನ್ನು ನಿಲ್ಲಿಸಿ ಅದರ ಮೇಲೆ ಎಣ್ಣೆ ಹೊಯ್ದಾಗಲೂ, ತನ್ನ ಹೆಂಡತಿ ರಾಹೇಲಳ ಸಮಾಧಿಯ ಮೇಲೆ ಕಲ್ಲು ನೆಟ್ಟಾಗಲೂ ಮೂಲದಲ್ಲಿರುವುದು ಇದೇ ಪದ. ಪೂಜೆ, ನೆನಪು ಎರಡನ್ನೂ ‘ನಿಲಸುಗಲ್ಲು’ ಹೊರಬಲ್ಲದು, ‘ವೀರಗಲ್ಲು’ ಹೊರಲಾರದು.

ಉತ್ತರ 2:
ಎಲ್ಲಕ್ಕೂ ಅಚ್ಚಗನ್ನಡ ಹುಡುಕುವ ಚಟ ಇಲ್ಲಿಗೂ ಬಂತು. ಬೈಬಲಿನ ಧರ್ಮೋಪದೇಶಕಾಂಡದ 16:22 ಮತ್ಸೇವಾವನ್ನು ನಿಲ್ಲಿಸಬಾರದೆಂದು ನಿಷೇಧಿಸುತ್ತದೆ. ಅಂದ ಮೇಲೆ ಅದು ಶಾಸ್ತ್ರಪದ, ಹಾಗೆಯೇ ಉಳಿಯಲಿ. ದೇವಸನ್ನಿಧಿಯ ರೆಕ್ಕೆಯ ಜೀವಿಯನ್ನು ಹೆಸರಿಸುವ ‘ಕೆರೂಬಿ’ ಪದವನ್ನು ಎರವಲು ಪಡೆದದ್ದರಿಂದ ಕನ್ನಡ ಬೈಬಲಿಗೆ ಯಾವ ಕೇಡೂ ಆಗಲಿಲ್ಲ. ಹೊಸನಗರದ ಕಲ್ಲುಗಳಿಗೂ ಯೆಹೂದದ ಗುಡಿಗೂ ಯಾವ ನಂಟು?

ಉತ್ತರ 1:
ನಂಟಿದೆಯೆಂದು ನಾನು ಹೇಳಲಿಲ್ಲ, ಹೆಸರಿದೆಯೆಂದೆ. ರೆಕ್ಕೆಯುಳ್ಳ ಕೆರೂಬಿ ನಮ್ಮಲ್ಲಿರಲಿಲ್ಲವಾದ್ದರಿಂದ ಎರವಲು ಅನಿವಾರ್ಯವಾಯಿತು. ನೆಟ್ಟ ಕಲ್ಲು ನಮಗೆ ಹೊಸತಲ್ಲ. ನಿಷೇಧವೊಂದನ್ನೇ ಹಿಡಿದು ಶಾಸ್ತ್ರಪದವೆನ್ನುವುದೂ ಅವಸರದ ಮಾತು: ಹೋಶೇಯ 3:4ರಲ್ಲಿ ಅರಸ, ಯಜ್ಞ, ಏಫೋದು (ಯಾಜಕರ ಉಡುಪು) ಇವುಗಳ ಸಾಲಿನಲ್ಲಿಯೇ ಮತ್ಸೇವಾ ಬರುತ್ತದೆ, ಅಲ್ಲಿ ಅದಕ್ಕೆಂದೇ ಬೈಗುಳವಿಲ್ಲ.

ಪ್ರಶ್ನೆ ಕೇಳಿದವರು ಚಿತ್ರದ ಕೆಳಗೆ ‘ಅರಾದಿನ ಗುಡಿಯ ನಿಲಸುಗಲ್ಲು’ ಎಂದು ಬರೆದು, ಲೇಖನದಲ್ಲಿ ಮೊದಲ ಸಲ ಬಂದಲ್ಲಿ ಮಾತ್ರ ‘ಮತ್ಸೇವಾ ಎಂಬ ನಿಲಸುಗಲ್ಲು’ ಎನ್ನಲಿ. ಒಳಗೂಡಿನ ಬಾಗಿಲಿನ ಇಕ್ಕೆಲದ ಚಿಕ್ಕ ಕಲ್ಲುಗಳನ್ನು ಇದರೊಂದಿಗೆ ಸೇರಿಸಬಾರದು, ಅವು ಧೂಪವೇದಿಗಳು.